ಕಸರತ್ತು ನಮ್ಮ ಕೈಯಲ್ಲೋ, ನಾವು ಕಸರತ್ತಿನ ಕೈಯಲ್ಲೋ

ಬಣ್ಣಾರಿ ಅಮ್ಮನ ಗುಡಿ ದಾಟಿದರೆ ದಿಂಬಂ ಘಾಟಿ ಶುರು. 27 ಹೇರ್‌ಪಿನ್ ತಿರುವು. ಲಾರಿಗಳೇ ಏದುಸಿರು ಬಿಡುವ ಆ ಏರಿನಲ್ಲಿ ರಜೆಯ ಬೆಳಗ್ಗೆ ಸೈಕಲ್ ತುಳಿದುಕೊಂಡು ಬರುವವರು ಕಾಣಸಿಗುತ್ತಾರೆ. ತಲೆಗೆ ಹೆಲ್ಮೆಟ್ಟು, ಕೈಗೆ ಎದೆಬಡಿತ ಎಣಿಸುವ ವಾಚು. ಮೇಲಿನ ತಾಳವಾಡಿ ಸೀಮೆ ಈರೋಡು ಜಿಲ್ಲೆಗೆ ಸೇರಿದ್ದರೂ ಟೀ ಅಂಗಡಿಯ ಮಾತು ಕನ್ನಡದ್ದೇ. ಆ ಮಾತು ಹೀಗೂ ಇರುತ್ತದೆ: “ಗೇಮೆ ಇಲ್ದೋರ ಚಟ ಬುದ್ಧೀ ಇದು. ನಮ್ ಜೊತೆ ಆಲೂಗಡ್ಡೆ ಕೀಳಕ್ಕೆ ಬರ್ಲಿ.”

ನಕ್ಕು ಬಿಡಬಹುದಾದ ಮಾತೇ. ಆದರೆ ಅದರೊಳಗೊಂದು ತಪ್ಪು ಕಲ್ಪನೆ ಕೂತಿದೆ: ದುಡಿಮೆ ಬೇರೆ ರೂಪ ತಾಳಿದರೆ ಕಸರತ್ತು, ಕಸರತ್ತು ಹೆಚ್ಚಾದರೆ ಚಟ. ಹೊಲದ ಕೆಲಸಕ್ಕೆ ಕೊನೆ ಎಂಬುದು ಹೊರಗೇ ಇದೆ. ಸಾಲು ಮುಗಿಯುತ್ತದೆ, ಹೊತ್ತು ಮುಳುಗುತ್ತದೆ, ಆನೆ ಬರುವ ಹೊತ್ತಾಯಿತೆಂದು ಎಲ್ಲರೂ ಮನೆಗೆ ಹೊರಡುತ್ತಾರೆ. ಕಳೆ ಕೀಳುವ ಕೆಲಸ ಇವತ್ತಿಲ್ಲ ಎಂದರೆ ಕೂಲಿ ಹೋಯಿತೆಂಬ ಚಿಂತೆ ಬರಬಹುದು. ಕಳೆ ಕೀಳಲಿಲ್ಲವಲ್ಲ ಎಂದು ಯಾರಿಗೂ ಕೈ ನಡುಗುವುದಿಲ್ಲ. ಕಸರತ್ತಿಗೆ ಅಂಥ ಹೊರಗಿನ ಗಡಿಯಿಲ್ಲ. ಸಾಕು ಅನ್ನಬೇಕಾದವನು ಮಾಡುವವನೇ.

ಹಾಗಾದರೆ ದಿನಕ್ಕೆ ಎರಡು ಗಂಟೆ ಬೆವರು ಸುರಿಸುವವನು ಚಟಗಾರನೆ? ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ, ಮತ್ತು ಇದನ್ನು ಬಿಡಿಸಲು ನಮ್ಮ ಕನ್ನಡವೇ ಸಾಕು. “ಅವನು ಸಾಮು ಮಾಡುತ್ತಾನೆ” ಎನ್ನುವಾಗ ಮಾಡುವವನು ಅವನು. “ಅವನಿಗೆ ಓಟದ ಹುಚ್ಚು ಹಿಡಿಯಿತು”, “ಗೀಳು ಅಂಟಿತು”, “ಚಟ ಹತ್ತಿತು” ಎನ್ನುವಾಗ ಕರ್ತೃಪದವೇ ಬದಲಾಯಿತು. ಹಿಡಿದದ್ದು ಅದು, ಸಿಕ್ಕಿಬಿದ್ದದ್ದು ಅವನು. ಗಂಟೆ, ಕಿಲೋಮೀಟರ್ ಯಾವುದೂ ಈ ವ್ಯಾಕರಣದಲ್ಲಿ ಬರುವುದಿಲ್ಲ.

ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ವ್ಯಾಲೆರಾಂಡ್ ಮತ್ತು ಸಂಗಡಿಗರು 2003ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಒಲವು ಎರಡು ಬಗೆ ಎಂದರು ಅವರು. ಒಂದು ಬದುಕಿನ ಮಿಕ್ಕ ಸಂಗತಿಗಳ ಜೊತೆ ಹೊಂದಿಕೊಂಡು ಹೋಗುವ ಒಲವು: ಮಗಳ ಶಾಲೆಯ ಕಾರ್ಯಕ್ರಮ ಇದ್ದರೆ ಇವತ್ತಿನ ಓಟ ನಾಳೆಗೆ. ಇನ್ನೊಂದು ಒಳಗಿನಿಂದ ತಳ್ಳುವ ಒಲವು: ಕಾರ್ಯಕ್ರಮಕ್ಕೆ ಹೋದರೂ ಮನಸ್ಸು ಟ್ರೆಡ್‌ಮಿಲ್ ಮೇಲೆ, ತನ್ನ ಬೆಲೆಯೇ ಇವತ್ತಿನ ಲೆಕ್ಕದ ಮೇಲೆ ನಿಂತಿದೆ ಎಂಬ ದಿಗಿಲು. ಇಬ್ಬರೂ ಓಡುವುದು ಅಷ್ಟೇ ದೂರ ಇರಬಹುದು. ಎರಡನೆಯದೆಲ್ಲ ಚಟವೇ ಎಂದು ಹೇಳಲೂ ಆಗದು. ಪೆಟ್ಟಾಗುತ್ತಿದೆ, ಮನೆ ಕೆಡುತ್ತಿದೆ ಎಂದು ಗೊತ್ತಿದ್ದೂ ನಿಲ್ಲಿಸಲಾಗದಿದ್ದಾಗ ಆ ಮಾತು ಬರುತ್ತದೆ.

ನಿಲ್ಲಿಸುವ ಪರೀಕ್ಷೆಯ ಬಗ್ಗೆ ಒಂದು ಹಳೆಯ ಕಥೆಯಿದೆ, ನನಗೆ ತುಂಬ ಇಷ್ಟವಾದದ್ದು. ಅಮೆರಿಕದ ವೈದ್ಯ ಫ್ರೆಡರಿಕ್ ಬೇಕ್‌ಲ್ಯಾಂಡ್ ಹೊರಟದ್ದು ನಿದ್ದೆಯ ಅಧ್ಯಯನಕ್ಕೆ. ಒಂದು ತಿಂಗಳು ಕಸರತ್ತು ಬಿಟ್ಟರೆ ನಿದ್ದೆ ಏನಾಗುತ್ತದೆ ಎಂದು ನೋಡಬೇಕಿತ್ತು. ವಾರಕ್ಕೆ ಐದಾರು ದಿನ ಕಸರತ್ತು ಮಾಡುವವರನ್ನು ಕೇಳಿದರು. ದುಡ್ಡು ಕೊಡುತ್ತೇನೆಂದರೂ ಯಾರೂ ಒಪ್ಪಲಿಲ್ಲ. ಕೊನೆಗೆ ವಾರಕ್ಕೆ ಮೂರು ನಾಲ್ಕು ದಿನದವರೇ ಸಿಕ್ಕಿದ್ದು. ಅವರಿಗೂ ನಿದ್ದೆ ಕೆಟ್ಟಿತು, ಚಡಪಡಿಕೆ ಹೆಚ್ಚಿತು. 1970ರಲ್ಲಿ ಅದು ಅಚ್ಚಾಯಿತು. ಒಪ್ಪದೆ ಹೋದವರಿಂದಲೇ ಒಂದು ವಿಷಯ ಹುಟ್ಟಿಕೊಂಡಿತು ಅನ್ನಬೇಕು.

ಇಲ್ಲೇ ತಾಳವಾಡಿ ಪಕ್ಕದ ಗುಮಟಾಪುರದಲ್ಲಿ ದೀಪಾವಳಿ ಮುಗಿದ ಮೇಲೆ ಗೊರೆ ಹಬ್ಬ. ಊರ ಗಂಡಸರೆಲ್ಲ ಸಗಣಿಯ ರಾಶಿಗಿಳಿದು ಒಬ್ಬರಿಗೊಬ್ಬರು ಎರಚಾಡುತ್ತಾರೆ. ಹೊರಗಿನವರ ಕಣ್ಣಿಗೆ ಅದು ಹುಚ್ಚೇ ಸರಿ. ಆದರೆ ಹಬ್ಬ ಮುಗಿಯಿತೆಂದರೆ ಮುಗಿಯಿತು. ಸ್ನಾನ ಮಾಡಿ ಮನೆಗೆ ಹೋಗುತ್ತಾರೆ, ಮತ್ತೆ ಮುಂದಿನ ವರ್ಷ. ಆವೇಶ ಬೇರೆ, ಗೀಳು ಬೇರೆ.

ಗೀಳನ್ನು ಗುರುತಿಸಲು ಮನಶ್ಶಾಸ್ತ್ರಜ್ಞ ಮಾರ್ಕ್ ಗ್ರಿಫಿತ್ಸ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಆರು ಪ್ರಶ್ನೆಗಳ ಪಟ್ಟಿ ಕೊಟ್ಟರು. ತಲೆಯಲ್ಲಿ ಸದಾ ಅದೇ ಇದೆಯೇ, ಬೇಸರಕ್ಕೆ ಅದೊಂದೇ ಮದ್ದೇ, ಮೊದಲಿನಷ್ಟು ಮಾಡಿದರೆ ಸಾಲದೇ, ತಪ್ಪಿದ ದಿನ ಸಿಡಿಮಿಡಿಯೇ, ಮನೆಯವರೊಡನೆ ಜಗಳವೇ, ಕಡಿಮೆ ಮಾಡಿದರೂ ಮತ್ತೆ ಅಲ್ಲಿಗೇ ಬರುತ್ತದೆಯೇ. ಒಟ್ಟು 30 ಅಂಕಕ್ಕೆ 24 ಮುಟ್ಟಿದರೆ ಎಚ್ಚರಿಕೆಯ ಗಂಟೆ, ಅಷ್ಟೇ. ಅದು ರೋಗ ನಿರ್ಣಯವಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಜೂಜಿನ ಚಟಕ್ಕೆ ಜಾಗವಿದೆ, ಕಸರತ್ತಿನದಕ್ಕಿಲ್ಲ. ಜಿಮ್‌ನ ಕನ್ನಡಿ ಮುಂದೆ ಫೋಟೋ ಹಾಕುವ ಹುಡುಗರಿಗೆಲ್ಲ ಈ ಪಟ್ಟ ಕಟ್ಟಬೇಕಿಲ್ಲ. ಹಂಗೇರಿಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಇಂಥ ಅಪಾಯದಂಚಿನಲ್ಲಿ ಕಂಡವರು ಒಟ್ಟು ಜನರಲ್ಲಿ ಶೇ. 0.3ರಿಂದ 0.5 ಮಾತ್ರ.

“ಎಲ್ಲ ಎಂಡಾರ್ಫಿನ್ ಮಹಿಮೆ, ಮೈಯೊಳಗಿನ ಅಫೀಮು” ಎಂಬುದು ಓದಿಕೊಂಡವರ ತಪ್ಪು ಕಲ್ಪನೆ. ರಕ್ತದಲ್ಲಿ ಏರಿದ ಎಂಡಾರ್ಫಿನ್ ಮಿದುಳಿನ ತಡೆಗೋಡೆ ದಾಟುವುದೇ ಕಷ್ಟ. 2021ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ 63 ಮಂದಿಯನ್ನು 45 ನಿಮಿಷ ಓಡಿಸಿದರು. ಅಫೀಮಿನ ಬಗೆಯ ರಾಸಾಯನಿಕಗಳ ಕೆಲಸವನ್ನು ತಡೆಯುವ ಔಷಧ ಕೊಟ್ಟಿದ್ದರೂ ಓಡಿದವರ ಹಿಗ್ಗು ಇಳಿಯಲಿಲ್ಲ. ಈಗ ಬೆರಳು ತೋರುತ್ತಿರುವುದು ಗಾಂಜಾದ ಹಾದಿಯಲ್ಲಿ ಕೆಲಸ ಮಾಡುವ, ದೇಹವೇ ಮಾಡಿಕೊಳ್ಳುವ ಇನ್ನೊಂದು ಬಗೆಯ ವಸ್ತುಗಳತ್ತ. ಅವುಗಳಲ್ಲೊಂದಕ್ಕೆ 1992ರಲ್ಲಿ ಅದನ್ನು ಪತ್ತೆ ಮಾಡಿದವರು ಇಟ್ಟ ಹೆಸರು ಆನಂದಮೈಡ್, ನಮ್ಮ ಸಂಸ್ಕೃತದ ‘ಆನಂದ’ವೇ! ಆದರೆ ಆನಂದ ಸಿಗುವುದರಿಂದಲೇ ಗೀಳು ಹತ್ತುತ್ತದೆ ಎನ್ನುವುದಾದರೆ ಎಲ್ಲರಿಗೂ ಹತ್ತಬೇಕಿತ್ತು. ಬಹಳ ಸಲ ಗೀಳಿನವರು ಹುಡುಕುವುದು ಸುಖವನ್ನಲ್ಲ, ತಪ್ಪಿತಸ್ಥ ಭಾವದಿಂದ ಬಿಡುಗಡೆಯನ್ನು.

“ಇರಲಿ ಬಿಡಿ, ಕುಡಿತಕ್ಕಿಂತ ವಾಸಿ” ಎನ್ನುವವರಿದ್ದಾರೆ. ಅಮೆರಿಕದ ಮನೋವೈದ್ಯ ವಿಲಿಯಂ ಗ್ಲಾಸರ್ 1976ರಲ್ಲಿ ಓಟವನ್ನು ಒಳ್ಳೆಯ ಚಟವೆಂದೇ ಕರೆದಿದ್ದರು. ಮೂರೇ ವರ್ಷದಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್ಗನ್, ಪೆಟ್ಟಾದ ಕಾಲಲ್ಲೇ ಓಡುವ, ಕೆಲಸ ಸಂಸಾರ ಎರಡನ್ನೂ ಬದಿಗಿಟ್ಟ ಓಟಗಾರರ ಬಗ್ಗೆ ಬರೆದು ನಾಣ್ಯದ ಇನ್ನೊಂದು ಮುಖ ತೋರಿಸಿದರು. ಮೂಳೆಯಲ್ಲಿ ಕೂದಲೆಳೆ ಬಿರುಕು. ತಿನ್ನುವುದಕ್ಕಿಂತ ಶಕ್ತಿ ಖರ್ಚು ಮಾಡುವುದೇ ಹೆಚ್ಚಾಗಿ ಹೆಂಗಸರಿಗೆ ಮುಟ್ಟು ನಿಲ್ಲುವುದು. ಎಷ್ಟೋ ಸಲ ಇದರ ಬೇರು ಊಟದ ಮೇಲಿನ ಭಯದಲ್ಲಿರುತ್ತದೆ. ತಿಂದ ಚಪಾತಿಗೆ ಲೆಕ್ಕ ಹಾಕಿ ಓಡುವವರಿಗೆ ಓಟ ಕಡಿಮೆ ಮಾಡಿ ಎನ್ನುವುದಕ್ಕಿಂತ ಮೊದಲು ಆ ಭಯವನ್ನು ನೋಡಬೇಕು.

ಗಾಜನೂರಿನ ಹೆಸರೆತ್ತದೆ ತಾಳವಾಡಿಯ ಮಾತು ಮುಗಿಯದು. ಆ ಊರಿನ ನಟ ಡಾ. ರಾಜಕುಮಾರ್ ಐವತ್ತರ ಆಸುಪಾಸಿನಲ್ಲಿ ಯೋಗ ಕಲಿತವರು. 1983ರ ‘ಕಾಮನಬಿಲ್ಲು’ ನೋಡಿದವರಿಗೆ ಅವರ ಆಸನಗಳು ಇನ್ನೂ ಕಣ್ಣಲ್ಲಿವೆ. ಅವರ ಕಿರಿಯ ಮಗ ಪುನೀತ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡಾಗ ಇಲ್ಲಿಂದ ಬೀದರ್‌ವರೆಗೆ ಒಂದೇ ಮಾತು: “ಜಿಮ್ಮೇ ಕೊಂದುಬಿಡ್ತು.” ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಎದೆ ತಪಾಸಣೆಗೆ ಸಾಲು ಹತ್ತಿತು. ಆ ದುಃಖದಲ್ಲಿ ಎರಡು ಬೇರೆ ವಿಷಯ ಕಲಸಿಹೋದವು. ಹೃದಯದ ಅಪಾಯ ದೇಹದ್ದು, ಗೀಳು ಮನಸ್ಸಿನದು. ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಾರದು. ಜೋರು ಶ್ರಮದ ಹೊತ್ತಿನಲ್ಲಿ ಹೃದಯಾಘಾತದ ಸಂಭವ ಸ್ವಲ್ಪ ಹೊತ್ತು ಏರುವುದು ನಿಜ, ಆದರೆ ಹೆಚ್ಚು ಏರುವುದು ಅಭ್ಯಾಸವಿಲ್ಲದೆ ಒಮ್ಮೆಲೇ ಧುಮುಕಿದವರಲ್ಲಿ. ನಿಯಮಿತವಾಗಿ ಮಾಡುವವರಿಗೆ ಒಟ್ಟು ಅಪಾಯ ಇಳಿಯುತ್ತದೆ. ಒಬ್ಬರ ಸಾವನ್ನು ಕಂಡು ಕಸರತ್ತನ್ನೇ ಬಿಟ್ಟವರಿದ್ದರೆ ಅವರು ತಪ್ಪು ಪಾಠ ಕಲಿತರು.

ಹಾಗೆಯೇ ಗೀಳು ಹತ್ತಿದವರಿಗೆ “ಬಿಟ್ಟುಬಿಡು” ಎನ್ನುವುದೂ ಮದ್ದಲ್ಲ. ಮದ್ಯ ಬಿಟ್ಟಂತೆ ನಡಿಗೆ ಬಿಡಲಾಗದಲ್ಲ! ಆಪ್ತಸಮಾಲೋಚಕರು ಸಾಮಾನ್ಯವಾಗಿ ಮಾಡಿಸುವುದು ಸಣ್ಣ ಕೆಲಸ: ವಾರಕ್ಕೊಂದು ದಿನ ಬೇಕೆಂದೇ ತಪ್ಪಿಸುವುದು, ಆಗ ಏಳುವ ಅಳುಕನ್ನು ಓಡದೆಯೇ ತಾಳಿಕೊಳ್ಳುವುದು, ವಾಚನ್ನು ಮನೆಯಲ್ಲಿಟ್ಟು ಹೊರಡುವುದು. ಬೆಟ್ಟದ ಊರಿಗೆ ಮನೋವೈದ್ಯರು ದೂರವಾದರೂ ಕೇಂದ್ರ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೂ ಮಾತಾಡಬಹುದು.

ದಿಂಬಂ ಮೇಲೆ, ಕಾರಪಳ್ಳಂ ಚೆಕ್‌ಪೋಸ್ಟ್ ಕಡೆ, ಕಬ್ಬಿನ ಲಾರಿಗೆ ಸೊಂಡಿಲೊಡ್ಡಲು ಆನೆಗಳು ರಸ್ತೆಗೆ ಬಂದು ನಿಲ್ಲುವುದುಂಟು. ಬಸ್ಸು, ಲಾರಿ, ಸೈಕಲ್ಲು ಎಲ್ಲವೂ ಆಗ ನಿಲ್ಲಲೇಬೇಕು, ಎಷ್ಟು ಹೊತ್ತೋ ಆನೆಗೇ ಗೊತ್ತು. ಒಂದು ಕಾಲು ನೆಲಕ್ಕೂರಿ ನಿಂತ ಸವಾರರಲ್ಲಿ ಕೆಲವರು ಆನೆ ನೋಡುತ್ತಿರುತ್ತಾರೆ, ಕೆಲವರು ವಾಚು.