ಅನಿಲದ ಮೇಲೆ ತೇಲುವ ಕಾರು

1955ರ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಬೆಳಕಿಗೆ ಬಂದ ಸಿತ್ರೊಯೆನ್ ಡಿ.ಎಸ್. ಕಾರಿನ ಭಾರವನ್ನು ಹೊರಲು ಉಕ್ಕಿನ ಸ್ಪ್ರಿಂಗುಗಳಿರಲಿಲ್ಲ. ಹಾಗಾದರೆ ಹೊರುತ್ತಿದ್ದುದು ಯಾವುದು? ಪ್ರತಿಯೊಂದು ಚಕ್ರಕ್ಕೂ ಒಂದು ಲೋಹದ ಗೋಳ. ಅದರೊಳಗೆ ರಬ್ಬರಿನ ಪೊರೆಯ ಒಂದು ಬದಿಗೆ ಸಾರಜನಕ, ಇನ್ನೊಂದು ಬದಿಗೆ ದ್ರವ. ಚಕ್ರವು ಮೇಲೇರಿದಾಗ ದ್ರವವು ಅನಿಲವನ್ನು ಒತ್ತುತ್ತದೆ. ಅನಿಲವೇ ಸ್ಪ್ರಿಂಗಿನ ಕೆಲಸವನ್ನು ಮಾಡುತ್ತದೆ.

ವರ್ಷಗಳು ಕಳೆದಂತೆ ಅನಿಲವು ಪೊರೆಯ ಮೂಲಕ ಮೆಲ್ಲನೆ ಸೋರಿಹೋಗಿ ಕಾರು ಕುಲುಕತೊಡಗುತ್ತದೆ. ಆಗ ಗೋಳಕ್ಕೆ ಅನಿಲವನ್ನು ತುಂಬಿಸಬೇಕು, ಇಲ್ಲವೆ ಗೋಳವನ್ನೇ ಬದಲಿಸಬೇಕು. ಮೊದಲಿನ ಕಾರುಗಳಿಗೆ ಕೆಂಪು ದ್ರವ. 1966ರಿಂದೀಚಿನವಕ್ಕೆ ಸಾಮಾನ್ಯವಾಗಿ ಹಸಿರು ಖನಿಜ ತೈಲ. ಒಂದರ ಬದಲು ಇನ್ನೊಂದನ್ನು ಸುರಿದರೆ ರಬ್ಬರಿನ ಭಾಗಗಳು ಕೆಡುತ್ತವೆ.

ಗೋಳವನ್ನು ಕಳಚುವ ಮುನ್ನ ಒತ್ತಡವನ್ನು ಇಳಿಸಬೇಕು. ಒತ್ತಡವಿಳಿದೊಡನೆ ಕಾರೂ ಕುಸಿಯುವುದು. ಆದುದರಿಂದ ಗಟ್ಟಿಯಾದ ಆಧಾರವನ್ನು ಕೊಡದೆ ಅದರ ಅಡಿಗೆ ನುಸುಳುವುದು ಪ್ರಾಣಾಪಾಯಕರ.