ನಿಮಗಿದು ಗೊತ್ತೆ? ಚುಕ್ಕಿ ಮಿನುಗಿದರೆ ನೋಟ ಕೆಟ್ಟಿತು!

ಮಳೆ ಬಿಟ್ಟು ಆಕಾಶ ತೊಳೆದಿಟ್ಟಂತಿದೆ, ಚುಕ್ಕಿಗಳು ಫಳಫಳ ಮಿನುಗುತ್ತಿವೆ. ಟೆಲಿಸ್ಕೋಪ್ ಹೊತ್ತು ತಾರಸಿ ಹತ್ತಿದವರಿಗೆ ಇದು ಕೆಟ್ಟ ಸುದ್ದಿ! ಮಿನುಗುವುದು ನಕ್ಷತ್ರವಲ್ಲ, ಬಿಸಿ–ತಂಪು ಗಾಳಿಯ ಪದರಗಳು ಕದಡಿದಾಗ ಅವುಗಳನ್ನು ಹಾದುಬರುವ ಬೆಳಕು ಅತ್ತಿತ್ತ ಬಾಗುತ್ತದೆ. ಬರಿಗಣ್ಣಿಗೆ ಅಂದವಾಗಿ ಕಾಣುವ ಈ ಕುಣಿತವನ್ನು ಟೆಲಿಸ್ಕೋಪ್ 150 ಪಟ್ಟು ಹಿಗ್ಗಿಸಿದರೆ, ಹರಿಯುವ ನೀರಿನಡಿಯ ನಾಣ್ಯದಂತೆ ಗುರುಗ್ರಹ ಅಲುಗಾಡುತ್ತದೆ. ಅದರ ಪಟ್ಟೆಗಳು ಕಲಸಿಹೋಗುತ್ತವೆ. ಶನಿಯ ಬಳೆಗಳ ನಡುವಿನ ಕ್ಯಾಸಿನಿ ಸೀಳು ಮಾಯ.

ಗಾಳಿಯ ಈ ಚಂಚಲತೆಗೆ ಹವ್ಯಾಸಿಗಳು ಅಂಕ ಕೊಡುವುದೂ ಉಂಟು. ಗ್ರೀಕ್ ಮೂಲದ ಖಗೋಳಜ್ಞ ಯುಜೀನ್ ಆಂಟೋನಿಯಾಡಿ ರೂಪಿಸಿದ ಮಾಪನದಲ್ಲಿ 1 ಎಂದರೆ ಅತ್ಯುತ್ತಮ, 5 ಎಂದರೆ ಕಂಡದ್ದನ್ನು ಗೀಚಿಕೊಳ್ಳಲೂ ಆಗದಷ್ಟು ಕಳಪೆ. (ನಮ್ಮ ಪರೀಕ್ಷೆಗಳಿಗೆ ತಿರುಗುಮುರುಗು!)

ತಮಾಷೆಯೆಂದರೆ, ತೆಳು ಮಂಜು ಮುಸುಕಿ, ಎಲೆಯೂ ಅಲುಗದೆ, ‘ಇವತ್ತು ಏನೂ ಕಾಣದು’ ಎನ್ನಿಸುವ ರಾತ್ರಿ ಗ್ರಹಗಳು ಎಷ್ಟೋ ಸಲ ಸ್ಫುಟವಾಗಿ ಕಾಣುತ್ತವೆ. ಆಂಡ್ರೊಮಿಡಾದಂಥ ಮಸುಕು ಗೆಲಾಕ್ಸಿಗಳ ಆಸೆ ಮಾತ್ರ ಅಂದು ಬಿಡಬೇಕು.

ಕಾಂಕ್ರೀಟ್ ತಾರಸಿಯೂ ಹಗಲು ಕುಡಿದ ಬಿಸಿಲನ್ನು ರಾತ್ರಿ ಉಗುಳುತ್ತಾ ಮೇಲಿನ ಗಾಳಿಯನ್ನು ಕದಡುತ್ತಿರುತ್ತದೆ. ಹುಲ್ಲಿನ ಅಂಗಳವೇ ವಾಸಿ. ಒಳಗಿಂದ ತಂದ ಟೆಲಿಸ್ಕೋಪ್ ಹೊರಗಿನ ತಂಪಿಗೆ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ಅಲ್ಲಿಯತನಕ ಆಕಾಶವನ್ನು ಬೈಯಬೇಡಿ.