ಕಡಲಿಲ್ಲದ ಊರಿನಲ್ಲಿ ಕಡಲ ಮೀನು
ಮನೆಯಲ್ಲಿಯೇ ಮಾಡಬಹುದಾದ ನೈಟ್ರೇಟ್ ಶೋಧಕ

ವಿಮಾನ ನಗರದಿಂದ ಅರಬ್ಬೀ ಸಮುದ್ರವು ನೂರು ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಸಹ್ಯಾದ್ರಿಯ ಗೋಡೆ. ಉಡುಪಿ, ಮಂಗಳೂರು, ಕಾರವಾರಗಳಿಂದ ಬಂದು ಪುಣೆಯಲ್ಲಿ ನೆಲೆಸಿದ ನಮ್ಮವರಿಗೆ ಕಡಲೆಂದರೆ ರಜೆಯಲ್ಲಿ ಊರಿಗೆ ಹೋದಾಗ ಕಾಣುವ ವಸ್ತುವಾಗಿದೆ. ಅಂಥವರಲ್ಲಿ ಯಾರಾದರೂ ಮನೆಯ ಮೂಲೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯನ್ನಿಟ್ಟು ನಾಲ್ಕು ಕಡಲ ಮೀನುಗಳನ್ನು ಸಾಕಬಯಸಿದರೆ ಆಶ್ಚರ್ಯವೇನು? ಆದರೆ ಈ ಹವ್ಯಾಸವು ಸುಲಭವಾದುದಲ್ಲ. ಮುಂಬಯಿಯ ಮರೀನ್ ಡ್ರೈವಿನಲ್ಲಿ 1951ರಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯಕ್ಕೆ ಸಮುದ್ರವು ಎದುರಿಗೇ ಇದ್ದಿತು. ಪುಣೆಯವರಾದರೋ ಲೀಟರಿಗೆ ಸುಮಾರು 35 ಗ್ರಾಮಿನಂತೆ ಕಡಲುಪ್ಪಿನ ಮಿಶ್ರಣವನ್ನು ಕದಡಿ ಸಮುದ್ರವನ್ನು ತಾವೇ ಮಾಡಿಕೊಳ್ಳಬೇಕು. ಹಾಗೆ ಮಾಡಿದ ಸಮುದ್ರವನ್ನು ಶುದ್ಧವಾಗಿ ಉಳಿಸಿಕೊಳ್ಳುವ ಒಂದು ಸಾಧನವನ್ನು ಕುರಿತು ನಾವು ಇಂದು ವಾಚಕರಿಗೆ ತಿಳಿಸಬಯಸುತ್ತೇವೆ.

ಮೊದಲು ರೋಗವನ್ನರಿಯೋಣ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಹುಟ್ಟುತ್ತದೆ. ಇದು ಘೋರ ವಿಷ. ಒಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿಯೂ, ಮತ್ತೊಂದು ಜಾತಿಯವು ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ರಷ್ಯದ ವಿನೊಗ್ರಾಡ್‌ಸ್ಕಿಯು ಈ ಜೀವಿಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದನು. ನೈಟ್ರೇಟು ಅಮೋನಿಯದಷ್ಟು ಕ್ರೂರವಲ್ಲ. ಆದರೆ ಸಾಧಾರಣ ಶೋಧಕದಲ್ಲಿ ಅದಕ್ಕೆ ಹೊರದಾರಿಯಿಲ್ಲದೆ ದಿನದಿನಕ್ಕೂ ಕೂಡಿಬರುತ್ತದೆ. ಹವಳದಿಬ್ಬದ ಸುತ್ತಲಿನ ಸಮುದ್ರದಲ್ಲಿ ಲೀಟರಿಗೆ ಒಂದು ಮಿಲಿಗ್ರಾಮೂ ಇರದ ವಸ್ತು, ಅಲಕ್ಷ್ಯಕ್ಕೊಳಗಾದ ತೊಟ್ಟಿಯಲ್ಲಿ ಎಂಬತ್ತು, ನೂರು ಮಿಲಿಗ್ರಾಮಿಗೆ ಏರುವುದುಂಟು. ಆಗ ಪಾಚಿ ಕವಿಯುತ್ತದೆ, ಸಮುದ್ರ ಹೂವಿನಂಥ ಮೃದುಜೀವಿಗಳು ಮುದುಡುತ್ತವೆ, ಮೀನು ಮೇವು ಬಿಡುತ್ತದೆ.

ನೀರನ್ನು ಬದಲಾಯಿಸಿದರಾಯಿತಲ್ಲ ಎನ್ನಬಹುದು. ಲೆಕ್ಕವನ್ನು ನೋಡಿರಿ. ನೂರು ಲೀಟರಿನ ತೊಟ್ಟಿಯಲ್ಲಿ ಲೀಟರಿಗೆ 80 ಮಿಲಿಗ್ರಾಮ್ ನೈಟ್ರೇಟು ಇದೆಯೆನ್ನೋಣ. ಒಮ್ಮೆಗೆ 20 ಲೀಟರು ಬದಲಾಯಿಸಿದರೆ ಅದು 64ಕ್ಕೆ ಇಳಿಯುತ್ತದೆ, ಮತ್ತೊಮ್ಮೆ ಮಾಡಿದರೆ 51ಕ್ಕೆ. 20ಕ್ಕಿಂತ ಕೆಳಗೆ ತರಬೇಕಾದರೆ ಏಳು ಸಲ, ಅಂದರೆ 140 ಲೀಟರು ನೀರು ಮತ್ತು ಸುಮಾರು ಐದು ಕಿಲೋ ಉಪ್ಪು ಬೇಕು. ಪುಣೆಯ ಪೂರ್ವಭಾಗಕ್ಕೆ ಭಾಮಾ ಆಸಖೇಡ ಅಣೆಕಟ್ಟಿನ ನೀರು 2021ರಿಂದ ಬರುತ್ತಿದೆಯಾದರೂ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಸೊಸೈಟಿಗಳು ಈಗಲೂ ಇವೆ. ನೆರೆಮನೆಯವರು ಬಿಂದಿಗೆ ಎಣಿಸುತ್ತಿರುವಾಗ ನಾವು ಉಪ್ಪುನೀರನ್ನು ಮೋರಿಗೆ ಸುರಿಯುವುದು ಶೋಭೆಯಲ್ಲ. ಟ್ಯಾಂಕರಿನ ನೀರು ಕೊಳವೆಬಾವಿಯದಾಗಿದ್ದರೆ ಅದರಲ್ಲಿಯೇ ನೈಟ್ರೇಟು ಇರುವ ಸಂಭವವಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕವು ಲೀಟರಿಗೆ 45 ಮಿಲಿಗ್ರಾಮಿನವರೆಗೆ ಒಪ್ಪುತ್ತದೆ. ಮನುಷ್ಯನಿಗೆ ಒಪ್ಪುವುದು ಕಡಲ ಜೀವಿಗೆ ಒಪ್ಪಬೇಕೆಂದಿಲ್ಲ. ಆದುದರಿಂದ ಉಪ್ಪು ಕದಡಲು ಆರ್.ಓ. ಯಂತ್ರದ ನೀರೇ ಮೇಲು.

ಇನ್ನು ಮದ್ದು. 1886ರಲ್ಲಿ ಫ್ರಾನ್ಸಿನ ಗೇಯಾಂ ಮತ್ತು ದ್ಯುಪೆತಿ ಎಂಬ ವಿಜ್ಞಾನಿಗಳು ನೈಟ್ರೇಟನ್ನು ಒಡೆಯುವ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿದರು. ಆಮ್ಲಜನಕವು ದೊರೆಯದೆಡೆಯಲ್ಲಿ ಇವು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಕಿತ್ತುಕೊಂಡು ಉಸಿರಾಡುತ್ತವೆ. ಕೊನೆಗೆ ಉಳಿಯುವ ಸಾರಜನಕವು ಅನಿಲವಾಗಿ ಗಾಳಿಗೆ ಸೇರುತ್ತದೆ. ನೀರು ನಿಂತ ಗದ್ದೆಗೆ ಹಾಕಿದ ಯೂರಿಯದ ಸತ್ವದಲ್ಲಿ ಒಂದು ಭಾಗವು ಕಾಣದಂತೆ ಹಾರಿಹೋಗುವುದೂ ಹೀಗೆಯೇ. ಗದ್ದೆಯಲ್ಲಿ ಅದು ರೈತನಿಗೆ ನಷ್ಟ. ತೊಟ್ಟಿಯಲ್ಲಿ ಅದೇ ನಮಗೆ ಲಾಭ.

ಈ ಜೀವಿಗಳಿಗೆ ಮನೆ ಕಟ್ಟುವ ಬಗೆ ಹೀಗೆ. ನಾಲ್ಕು ಅಂಗುಲ ವ್ಯಾಸದ, ಎರಡಡಿ ಉದ್ದದ ಪಿ.ವಿ.ಸಿ. ಕೊಳವೆ ಮತ್ತು ಅದರ ಎರಡು ತುದಿಗೆ ಮುಚ್ಚಳ. ಗಾಳಿ ಪಂಪಿಗೆ ಬಳಸುವ, ಒಳವ್ಯಾಸ ನಾಲ್ಕು ಮಿಲಿಮೀಟರಿನ ನಳಿಕೆ 15 ಮೀಟರು. ನಳಿಕೆಯನ್ನು ಸುರುಳಿಯಾಗಿ ಸುತ್ತಿ ಕೊಳವೆಯೊಳಗೆ ಇಳಿಸಬೇಕು. ಅದರ ಒಂದು ತುದಿ ಮೇಲಿನ ಮುಚ್ಚಳದ ಮೂಲಕ ಹೊರಬಂದು ತೊಟ್ಟಿಯ ಚಿಕ್ಕ ಪಂಪಿಗೆ ಸೇರಲಿ. ಇನ್ನೊಂದು ತುದಿ ಕೊಳವೆಯ ತಳದಲ್ಲಿ ತೆರೆದಿರಲಿ. ಉಳಿದ ಜಾಗದಲ್ಲಿ ಶೋಧಕಗಳಿಗೆ ಹಾಕುವ ಪ್ಲಾಸ್ಟಿಕ್ ಚೆಂಡುಗಳನ್ನು ತುಂಬತಕ್ಕದ್ದು. ನೀರು ತಳದಿಂದ ಮೇಲೇರಿ ಇನ್ನೊಂದು ನಳಿಕೆಯಿಂದ ಹನಿಹನಿಯಾಗಿ ಹೊರಬೀಳಬೇಕು. ಹನಿಯನ್ನು ಹಿಡಿತದಲ್ಲಿಡಲು ಆಸ್ಪತ್ರೆಯ ಸಲೈನ್ ನಳಿಕೆಯ ಚಕ್ರವು ಸಾಕು. ಹಿತ್ತಾಳೆಯ ನಲ್ಲಿಯನ್ನು ಮಾತ್ರ ಕೂಡಿಸಬಾರದು. ಉಪ್ಪುನೀರಿನಲ್ಲಿ ಬಿಡುವ ತಾಮ್ರವು ಸಿಗಡಿ, ಶಂಖ ಮುಂತಾದವಕ್ಕೆ ಮೃತ್ಯು.

ಸೆಕೆಂಡಿಗೆ ಒಂದು ಹನಿಯಂತೆ ಬಿಟ್ಟರೆ ನಿಮಿಷಕ್ಕೆ ಸುಮಾರು ಮೂರು ಮಿಲಿಲೀಟರು, ದಿನಕ್ಕೆ ನಾಲ್ಕು ಲೀಟರಿಗೆ ತುಸು ಮೇಲೆ. ಸುರುಳಿಯನ್ನು ದಾಟಲು ನೀರಿಗೆ ಒಂದು ತಾಸು ಹಿಡಿಯುತ್ತದೆ. ಆ ತಾಸಿನಲ್ಲಿ ನಳಿಕೆಯ ಗೋಡೆಗಂಟಿದ ಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಬಿಡುತ್ತವೆ. ಬಳಿಕ ಚೆಂಡುಗಳ ನಡುವೆ ಸುಮಾರು ಒಂದು ದಿನ ತಂಗುವ ನೀರಿನಲ್ಲಿ ನೈಟ್ರೇಟಿನ ವಿಚ್ಛೇದನ ನಡೆಯುತ್ತದೆ.

ಇಲ್ಲಿ ತಾಳ್ಮೆ ಬೇಕು. ಜೀವಿಗಳು ಬೇರೂರಲು ನಾಲ್ಕರಿಂದ ಎಂಟು ವಾರ ಹಿಡಿಯಬಹುದು. ಮೊದಲ ವಾರಗಳಲ್ಲಿ ಹೊರಬರುವ ನೀರಿನಲ್ಲಿ ನೈಟ್ರೈಟು ಕಾಣಿಸಿಕೊಳ್ಳುತ್ತದೆ. ಕೆಲಸವು ಅರ್ಧಕ್ಕೆ ನಿಂತಿರುವುದರ ಗುರುತು ಅದು. ಆದುದರಿಂದ ಶೋಧಕವನ್ನು ಮೊದಲೇ ತೊಟ್ಟಿಗೆ ಕೂಡಿಸದೆ, ಬದಲಾಯಿಸಿ ತೆಗೆದ ಹಳೆಯ ನೀರನ್ನು ಬಕೆಟ್ಟಿನಲ್ಲಿಟ್ಟು ಅದರಲ್ಲಿಯೇ ಸುತ್ತಿಸುವುದು ಕ್ಷೇಮ. ಪರೀಕ್ಷಾ ದ್ರಾವಣದಿಂದ ವಾರಕ್ಕೆರಡು ಸಲ ನೋಡಿ, ನೈಟ್ರೈಟು ಮತ್ತು ನೈಟ್ರೇಟು ಎರಡೂ ಇಲ್ಲವಾದ ಮೇಲೆ ತೊಟ್ಟಿಗೆ ಕೂಡಿಸಿರಿ. ಹನಿಯನ್ನು ಸ್ವಲ್ಪಸ್ವಲ್ಪವಾಗಿಯೇ ಹೆಚ್ಚಿಸಬೇಕು. ಜೀವಿಗಳಿಗೆ ಇಂಗಾಲದ ಆಹಾರವೂ ಬೇಕಾಗುವುದರಿಂದ ಕೆಲವರು ಚಿಟಿಕೆ ಸಕ್ಕರೆಯನ್ನು ಕದಡಿ ಶೋಧಕಕ್ಕೆ ಊಡುವುದುಂಟು. ಅತಿಯಾದರೆ ನೀರು ಹಾಲಿನಂತೆ ಕದಡಿ ಮೀನಿನ ಉಸಿರೇ ಕಟ್ಟೀತು.

ಹನಿ ತೀರ ನಿಧಾನವಾದರೂ ಅಪಾಯವಿದೆ. ನೈಟ್ರೇಟು ಮುಗಿದ ಮೇಲೆ ಬೇರೆ ಜೀವಿಗಳು ಸಮುದ್ರಜಲದಲ್ಲಿ ಹೇರಳವಾಗಿರುವ ಸಲ್ಫೇಟಿಗೆ ಕೈಹಾಕುತ್ತವೆ. ಕೊಳೆತ ಮೊಟ್ಟೆಯ ನಾತವುಳ್ಳ ಹೈಡ್ರೊಜನ್ ಸಲ್ಫೈಡ್ ಎಂಬ ವಿಷ ಹುಟ್ಟುತ್ತದೆ. ನಾತ ಬಂದೊಡನೆ ಹನಿಯನ್ನು ಹೆಚ್ಚಿಸಬೇಕು. ವಿದ್ಯುತ್ತು ದೀರ್ಘಕಾಲ ಹೋಗಿ ಪಂಪು ನಿಂತರೂ ಇದೇ ಗತಿ; ಕರೆಂಟು ಬಂದ ಮೇಲೆ ಕೊಳವೆಯಲ್ಲಿ ನಿಂತಿದ್ದ ನೀರನ್ನು ಹೊರಗೆ ಚೆಲ್ಲಿ, ವಾಸನೆ ಹೋದ ಮೇಲೆ ಕೂಡಿಸತಕ್ಕದ್ದು. ಶುದ್ಧವಾಗಿ ಬಂದ ಹನಿಯಲ್ಲಿ ಸಹ ಆಮ್ಲಜನಕವಿರುವುದಿಲ್ಲವಾದ್ದರಿಂದ ಅದು ಎತ್ತರದಿಂದ, ಗಾಳಿ ಕೂಡುವಂತೆ ಬೀಳಲಿ.

ಶೋಧಕವು ಚೆನ್ನಾಗಿ ನಡೆದರೆ ನಾವು ಹೇಳಿದ ನೂರು ಲೀಟರಿನ ತೊಟ್ಟಿಯಲ್ಲಿ 80 ಇದ್ದುದು, ಹೊಸದಾಗಿ ಹುಟ್ಟುವುದನ್ನು ಬಿಟ್ಟು ಲೆಕ್ಕ ಹಾಕಿದರೆ, ತಿಂಗಳೊಂದರಲ್ಲಿ 20ರ ಆಸುಪಾಸಿಗೆ ಬರಬೇಕು. ಹಾಗೆಂದು ನೀರು ಬದಲಾಯಿಸುವುದನ್ನು ಪೂರಾ ಬಿಡುವಂತಿಲ್ಲ. ಫಾಸ್ಫೇಟು ಈ ಕೊಳವೆಗೆ ಬಗ್ಗುವುದಿಲ್ಲ, ಸವೆದ ಖನಿಜಗಳನ್ನು ಇದು ಮರಳಿ ಕೊಡುವುದೂ ಇಲ್ಲ. ಮೀನುಗಳ ಸಂಖ್ಯೆಯನ್ನೂ ಮೇವನ್ನೂ ಮಿತಿಯಲ್ಲಿಡುವುದೇ ಮೊದಲ ಶೋಧಕ.

ಮತ್ತೊಂದು ಮಾತು. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತ ಹವಳವನ್ನು ಕೊಳ್ಳುವುದು ಅಪರಾಧ. ಮೀನನ್ನು ಕೊಳ್ಳುವಾಗಲೂ ಅದು ದಿಬ್ಬದಿಂದ ಹಿಡಿದುದೋ ತೊಟ್ಟಿಯಲ್ಲಿ ಹುಟ್ಟಿದುದೋ ಎಂದು ವಿಚಾರಿಸಿರಿ. ಕೋಡಂಗಿ ಮೀನನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಅಂಥ ಮೀನನ್ನು ತರುವ ಮುನ್ನ, ಶೋಧಕವನ್ನು ಎರಡು ತಿಂಗಳು ಮೊದಲೇ ಹೂಡಿ ಪಳಗಿಸಿಟ್ಟುಕೊಳ್ಳಬೇಕೆಂದು ವಾಚಕರಲ್ಲಿ ನಮ್ಮ ಅರಿಕೆ.